ಹೊಕ್ಕುಳಬಳ್ಳಿಯ ಸಾಕ್ಷಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು 2004ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಡಾಕ್ಟರಲ್ಲದ ಇವನು ಬಸಿರು, ಊಟ, ವಿಷ ಎಂದು ಮಾತಾಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ಕಾಲದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದರೆ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂಬ ಮಾತು ಬರುತ್ತಿತ್ತು. ನಾವು ಓದಲಿಲ್ಲ. ಅದೇ ಕಾಲದಲ್ಲಿ ನಮ್ಮ ಚಿಕ್ಕಮ್ಮನಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಅವರ ಕಾಲ್ಗುಣವೇ ಸರಿಯಿಲ್ಲ ಎಂದರು ಜನ. ಚಿಕ್ಕಪ್ಪನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಾರಣವೇನೆಂದು ಪರೀಕ್ಷೆಯನ್ನೂ ಮಾಡಿಸಲಿಲ್ಲ. ನಾನೂ ಕೇಳಿಸಿಕೊಂಡು ಸುಮ್ಮನಿದ್ದೆ. ಇದನ್ನು ಚಿಕ್ಕಮ್ಮನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಮುಂದೆ ಕಂಪನಿಯ ಕೆಲಸದ ಮೇಲೆ ಜಪಾನಿಗೆ ಹೋದಾಗ, ಒಂದು ರಜೆಯಲ್ಲಿ ಮಿನಮಾಟ ಎಂಬ ಊರಿಗೆ ಹೋದೆ. ಅದು ಸಮುದ್ರದಂಡೆಯ ಊರು. ಮೀನೇ ಅಲ್ಲಿನವರ ಊಟ. 1932ರಿಂದ 1968ರವರೆಗೆ ಅಲ್ಲಿಯ ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಟ್ಟಿತು. ಪಾದರಸ ಮೀನಿನಲ್ಲಿ ಸೇರಿತು, ಮೀನಿನಿಂದ ಮನುಷ್ಯರಿಗೆ ಬಂತು. ಜನರ ಕೈಕಾಲು ನಡುಗಿದವು, ಮಾತು ತೊದಲಿತು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂತು. ಅಂಟುರೋಗವೆಂದು ಹೆದರಿ ನೆರೆಯವರು ರೋಗಿಗಳ ಮನೆಗಳನ್ನೇ ದೂರವಿಟ್ಟರು.

ಮೀನನ್ನೇ ತಿನ್ನದ ಹಸುಗೂಸುಗಳಲ್ಲೂ ಅಂಥದೇ ಲಕ್ಷಣಗಳು ಕಂಡವು. ತಾಯಂದಿರಿಗೆ ಅಷ್ಟೇನೂ ತೊಂದರೆ ಇರಲಿಲ್ಲ. ತಾಯಿಯ ಮಾಸು ವಿಷವನ್ನು ತಡೆಯುತ್ತದೆ ಎಂದು ಆಗಿನ ವೈದ್ಯರು ನಂಬಿದ್ದರು. ಒಬ್ಬ ತಾಯಿ ಮಾತ್ರ, ತಾನು ತಿಂದ ಮೀನಿನ ವಿಷವೇ ಹೊಟ್ಟೆಯಲ್ಲಿದ್ದ ಮಗುವಿಗೆ ಹೋಯಿತು ಎಂದಳು. ಹರಾದಾ ಎಂಬ ಯುವ ವೈದ್ಯರು ಆ ಮಾತನ್ನು ತಳ್ಳಿಹಾಕದೆ ಹುಡುಕುತ್ತ ಹೋದರು. 1962ರಲ್ಲಿ 16 ಮಕ್ಕಳಿಗೆ ಗರ್ಭದಲ್ಲೇ ಈ ಕಾಯಿಲೆ ಬಂದಿದೆ ಎಂದು ಒಪ್ಪಲಾಯಿತು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಇಡುವ ಪದ್ಧತಿಯಿದೆ. ಹರಾದಾ ಅವನ್ನು ಸಂಗ್ರಹಿಸಿ ಪರೀಕ್ಷೆ ಮಾಡಿಸಿದರು. ಅವುಗಳಲ್ಲಿ ಪಾದರಸ ಸಿಕ್ಕಿತು. ತಾಯಿ ಹೇಳಿದ್ದೇ ಸತ್ಯವಾಗಿತ್ತು. ವಿಷ ಹೆಚ್ಚಿದ್ದ ವರ್ಷಗಳಲ್ಲಿ ಆ ಊರಿನಲ್ಲಿ ಹುಟ್ಟಿದ ಗಂಡುಮಕ್ಕಳ ಪ್ರಮಾಣವೂ ಕಡಿಮೆಯಾಗಿತ್ತು ಎಂದು ನಂತರದ ಅಧ್ಯಯನ ತೋರಿಸಿತು.

ಮಕ್ಕಳೇ, ನಾನು ಅಂದು ಓದದ ಪಾಠದ ಒಂದು ಸಂಗತಿ ಕೇಳಿ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳು ರೂಪುಗೊಂಡಿರುತ್ತವೆ. ಅಂದರೆ ನನ್ನ ಅಜ್ಜಿ ನನ್ನ ಅಮ್ಮನನ್ನು ಹೊತ್ತಿದ್ದಾಗ, ಮುಂದೆ ನಾನಾಗಲಿದ್ದ ಅಂಡಾಣುವೂ ಅಲ್ಲೇ ಇತ್ತು. ಅಜ್ಜಿ ಉಂಡ ತುತ್ತು ಮೂರು ತಲೆಮಾರಿನ ತುತ್ತು. ಮೊಮ್ಮಕ್ಕಳವರೆಗೆ ಯಾವ ವಿಷ ಎಷ್ಟು ಮುಟ್ಟುತ್ತದೆ ಎಂಬ ಸಂಶೋಧನೆ ಇನ್ನೂ ನಡೆಯುತ್ತಿದೆ. ತಾಯಿಯಿಂದ ಮಗುವಿಗೆ ಮುಟ್ಟುವುದಂತೂ ಖಚಿತ. ಗಂಡಸರಿಗೂ ಇದರಿಂದ ವಿನಾಯಿತಿ ಇಲ್ಲ. ಸೀಸದಂಥ ಲೋಹ ವೀರ್ಯಾಣುಗಳನ್ನೂ ಕೆಡಿಸುತ್ತದೆ.

ನಮ್ಮದು ರೈತರ ಊರು. ನಮ್ಮ ಕೈಯಲ್ಲಾಗುವ ಕೆಲಸಗಳಿವೆ. ಔಷಧಿ ಡಬ್ಬದ ಮೇಲಿನ ತ್ರಿಕೋನ ನೋಡಿ. ಕೆಂಪು ಬಣ್ಣವಿದ್ದರೆ ಅದು ಅತಿ ಘೋರ ವಿಷ. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂಬುದನ್ನು ಮನೆಯ ಹಿರಿಯರಿಗೆ ಓದಿ ಹೇಳಿ. ಖಾಲಿ ಡಬ್ಬದಲ್ಲಿ ನೀರು, ಕಾಳು ತುಂಬಿಡಬೇಡಿ. ಬೂಸಲು ಹಿಡಿದ ಕಡಲೆಕಾಯಿಯನ್ನು ಆರಿಸಿ ಎಸೆಯಿರಿ, ಬಸುರಿಯರಿಗಂತೂ ಕೊಡಲೇಬೇಡಿ.

ಗುರುಗಳಲ್ಲಿ ನನ್ನದೊಂದು ಬಿನ್ನಹ. ಆ ಪಾಠವನ್ನು ದಯವಿಟ್ಟು ತರಗತಿಯಲ್ಲೇ ಮಾಡಿ. ಹುಡುಗ, ಹುಡುಗಿಯರಿಬ್ಬರಿಗೂ ಮಾಡಿ. ಅದನ್ನು ಕಲಿತ ಹುಡುಗ ನಾಳೆ ತನ್ನ ಮನೆಯಲ್ಲಿ ಯಾರಾದರೂ ಹೆಣ್ಣುಮಗಳ ಕಾಲ್ಗುಣ ಎಂದಾಗ ನನ್ನಂತೆ ಸುಮ್ಮನೆ ಕೂರುವುದಿಲ್ಲ.