ಬಾಟಲಿಯ ಪಲ್ಟಿ

2016ರಲ್ಲಿ ಅಮೆರಿಕದ ಶಾರ್ಲಟ್ ನಗರದ ಶಾಲಾ ವಿದ್ಯಾರ್ಥಿಯೊಬ್ಬ ವೇದಿಕೆಯ ಮೇಲೆ ಸ್ವಲ್ಪವೇ ನೀರಿದ್ದ ಬಾಟಲಿಯನ್ನು ಪಲ್ಟಿ ಹೊಡೆಸಿ ನೆಟ್ಟಗೆ ನಿಲ್ಲಿಸಿದ. ಆ ವಿಡಿಯೊ ಲೋಕವನ್ನೆಲ್ಲ ಸುತ್ತಿತು. ಬರೀ ಕೈಚಳಕ ಎಂದು ತಳ್ಳಿಹಾಕುವವರಿದ್ದಾರೆ. ಕೈಚಳಕ ಬೇಕು, ಸರಿ. ಆದರೆ ಕಂಠಮಟ್ಟ ತುಂಬಿದ ಬಾಟಲಿ ಕೊಟ್ಟರೆ ಅದೇ ಕೈ ಬಹುಪಾಲು ಸೋಲುತ್ತದಲ್ಲ! ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರ 2018ರ ಅಧ್ಯಯನದ ಪ್ರಕಾರ, ಶೇಕಡಾ 20ರಿಂದ 40ರಷ್ಟು ನೀರಿದ್ದರೆ ಹದ. ಎಸೆದ ಬಾಟಲಿ ತಿರುಗುವಾಗ ತಳದ ನೀರು ಮೇಲಕ್ಕೆ ಚಿಮ್ಮಿ ಉದ್ದಕ್ಕೂ ಹರಡಿಕೊಳ್ಳುತ್ತದೆ. ಗಾಳಿಯಲ್ಲಿರುವಾಗ ಕೋನೀಯ ಸಂವೇಗ ಬದಲಾಗುವಂತಿಲ್ಲ. ಹಾಗಾಗಿ ಭಾರ ಹರಡಿದಷ್ಟೂ ತಿರುಗುವ ವೇಗ ತಗ್ಗಲೇಬೇಕು, ಗಿರಗಿರನೆ ಸುತ್ತುವ ನರ್ತಕಿ ಕೈ ಚಾಚಿದಾಗ ಆಗುವಂತೆ. ಹೀಗೆ ನಿಧಾನಿಸುವುದರಿಂದಲೇ ಬಾಟಲಿ ನೆಟ್ಟಗೆ ಇಳಿಯುತ್ತದೆ. ನೀರು ಹೆಚ್ಚಾದರೆ ಹರಡಲು ಜಾಗವಿಲ್ಲ. ತೀರಾ ಕಡಿಮೆಯಾದರೆ ಹರಡಿಯೂ ಪ್ರಯೋಜನವಿಲ್ಲ.

ಬಾಟಲಿ ನೆಟ್ಟಗೆ ನಿಲ್ಲಲು ಭಾರ ತಳದಲ್ಲಿರುವುದೇ ಕಾರಣವಲ್ಲವೇ ಎಂದು ಕೇಳಬಹುದು. ಇಳಿದ ಮೇಲೆ ಉರುಳದಿರಲು ಅದು ನೆರವಾಗುತ್ತದೆ, ನಿಜ. ಆದರೆ ಅದೇ ನೀರು ಮಂಜುಗಡ್ಡೆಯಾಗಿ ತಳಕ್ಕೆ ಅಂಟಿಕೊಂಡಿದ್ದರೆ, ಭಾರ ಕೆಳಗಿದ್ದರೂ ಬಾಟಲಿ ಗಾಳಿಯಲ್ಲಿ ನಿಧಾನಿಸದು. ಸಾಲದ್ದಕ್ಕೆ, ಆ ಸಂಶೋಧಕರು ನೀರನ್ನೇ ಬಿಟ್ಟು, ಉದ್ದನೆಯ ಡಬ್ಬದೊಳಗೆ ಎರಡು ಟೆನಿಸ್ ಚೆಂಡು ಹಾಕಿ ಎಸೆದರು. ಚೆಂಡುಗಳು ಒಂದರಿಂದೊಂದು ದೂರ ಸರಿದಂತೆ ಡಬ್ಬದ ತಿರುಗಾಟವೂ ತಗ್ಗಿತು.