ಅಂಕಿತವಿಲ್ಲದ ಹಾಡುಗಳು



ಒಂದು ದಾಸರ ಪದವನ್ನು ಭೀಮಸೇನ ಜೋಶಿಯವರು ಹಾಡಲಿ, ನಿಮ್ಮ ಮನೆಯ ಅಜ್ಜಿ ಹಾಡಲಿ, ಕೊನೆಯ ಚರಣಕ್ಕೆ ಬಂದಾಗ ಅಂಕಿತ ಬಂದೇ ಬರುತ್ತದೆ. ಹಾಡಿದವರು ಯಾರೇ ಇರಲಿ, ಹಾಡು ಯಾರದೆಂಬುದು ಹಾಡಿನೊಳಗೇ ಉಂಟು. ಈ ಭಾಗ್ಯ ಎಲ್ಲ ಹಾಡುಗಳಿಗೂ ಇಲ್ಲ. ಇಂದು ನಾನು ಹೇಳಹೊರಟಿರುವುದು ಅಂಥ ಭಾಗ್ಯವಿಲ್ಲದ ಕೆಲವು ಹಾಡುಗಳ ಸಂಗತಿ. ಅವು ಇಂಗ್ಲೆಂಡಿನ 'ರೋಲಿಂಗ್ ಸ್ಟೋನ್ಸ್' ಎಂಬ ರಾಕ್ ತಂಡಕ್ಕೆ ಸಂಬಂಧಪಟ್ಟವು.

2003ರ ಏಪ್ರಿಲ್ 4ರಂದು ಈ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಅಂದು ಅಲ್ಲಿಗೆ ಹೋಗಿದ್ದ ನಾವು ನಾಲ್ಕೈದು ಮಂದಿ ಗೆಳೆಯರು ಇಂದಿಗೂ ಯಾರದಾದರೂ ಮನೆಯಲ್ಲಿ ಸೇರುತ್ತೇವೆ, ಕಾಫಿ ಕುಡಿಯುತ್ತೇವೆ, ಜಗಳವಾಡುತ್ತೇವೆ. ಯಾವ ಹಾಡು ಮೇಲು ಎಂಬಲ್ಲಿ ಶುರುವಾಗುವ ಮಾತು ಅದನ್ನು ಯಾರು ಹಾಡಿದ್ದು ಮೇಲು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬರು ಪ್ರಕಟಿಸಿದ ಹಾಡನ್ನು ಮತ್ತೊಬ್ಬರು ತಮ್ಮ ಧಾಟಿಯಲ್ಲಿ ಹಾಡಿ ಮುದ್ರಿಸುವುದಕ್ಕೆ ಅಲ್ಲಿ 'ಕವರ್' ಎಂದು ಹೆಸರು. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ 'ವರ್ಷನ್' ಹಾಡುಗಳನ್ನು ನೆನೆದು ಮೂಗು ಮುರಿಯಬೇಡಿ. ಅವು ನಕಲುಗಳು. ಒಳ್ಳೆಯ ಕವರ್ ಹಾಗಲ್ಲ, ಅದು ಅದೇ ಕೃತಿಯನ್ನು ಇನ್ನೊಬ್ಬ ವಿದ್ವಾಂಸ ಹಾಡಿದಂತೆ.

ನಮ್ಮ ಗುಂಪಿನ ಖಾಯಂ ಜಗಳ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನದು. 1965ರಲ್ಲಿ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅರೆನಿದ್ದೆಯಲ್ಲಿ ಒಂದು ಸ್ವರಗುಚ್ಛವನ್ನು ಟೇಪಿಗೆ ನುಡಿಸಿಟ್ಟು ಮಲಗಿಬಿಟ್ಟ. ಬೆಳಿಗ್ಗೆ ಹಾಕಿ ಕೇಳಿದರೆ ಒಂದಿಷ್ಟು ಗಿಟಾರು, ಉಳಿದದ್ದೆಲ್ಲ ಅವನದೇ ಗೊರಕೆ. ಆ ಸ್ವರಗುಚ್ಛವನ್ನು ಟ್ರಂಪೆಟ್, ಸ್ಯಾಕ್ಸೊಫೋನುಗಳು ಊದಬೇಕೆಂಬುದು ಅವನ ಕಲ್ಪನೆಯಾಗಿತ್ತು. ಗಿಟಾರಿಗೆ ಕರಕರ ಎನ್ನುವ ಧ್ವನಿ ಕೊಡುವ ಒಂದು ಪೆಟ್ಟಿಗೆಯನ್ನು ಜೋಡಿಸಿ ನುಡಿಸಿದ್ದು ಬರೀ ಕರಡಿನಂತೆ. ಆ ಕರಡೇ ಪ್ರಕಟವಾಗಿ ಜಗತ್ತನ್ನು ಗೆದ್ದಿತು. ಅದೇ ವರ್ಷ ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡಿಂಗ್ ಅದನ್ನು ಊದುವ ವಾದ್ಯಗಳೊಡನೆ ಹಾಡಿದ. ಅಂದರೆ ಕೀತ್ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ ಹಾಡು ಮೊದಲು ಹೊರಬಂದದ್ದು ಮತ್ತೊಬ್ಬನ ಧ್ವನಿಮುದ್ರಿಕೆಯಲ್ಲಿ!

ಹಾಗಾಗಿ ಮೂಲ ಯಾವುದು? ನಾನು ಓಟಿಸ್ ಪರ. ಅವನು ಹಾಡಿನ ಮಾತುಗಳನ್ನು ಅರ್ಧಂಬರ್ಧ ನುಂಗಿ, ತನಗೆ ತೋಚಿದ್ದನ್ನು ಸೇರಿಸಿ, ಏದುಸಿರು ಬಿಡುತ್ತ ಹಾಡುತ್ತಾನೆ. "ಅಸಲಿಗಿಂತ ಬಡ್ಡಿಯ ಮೇಲೇ ಮಮತೆ ಕಣಯ್ಯ ನಿನಗೆ" ಎಂದು ಗೆಳೆಯರೊಬ್ಬರು ಛೇಡಿಸುತ್ತಾರೆ. ಅವರಿಗೆ ಮಿಕ್ ಜಾಗರನ ತುಂಟ ಧ್ವನಿಯೇ ಆಗಬೇಕು. ಇನ್ನೊಬ್ಬರ ಮಗಳು ಕ್ಯಾಟ್ ಪವರ್ ಎಂಬ ಗಾಯಕಿ 2000ದಲ್ಲಿ ಹಾಡಿದ್ದನ್ನು ಒಮ್ಮೆ ಕೇಳಿಸಿದಳು. ಊರಿಗೆಲ್ಲ ಗೊತ್ತಿರುವ ಆ ಪಲ್ಲವಿಯೇ ಅದರಲ್ಲಿಲ್ಲ, ಬರೀ ಚರಣಗಳನ್ನು ಮೆಲ್ಲಗೆ ಹೇಳಿ ಮುಗಿಸುತ್ತಾಳೆ. "ಪಲ್ಲವಿ ಬಿಟ್ಟರೆ ಉಳಿಯುವುದೇನಮ್ಮ?" ಎಂದದ್ದಕ್ಕೆ ಆ ಹುಡುಗಿ, "ಅತೃಪ್ತಿ ಉಳಿಯುತ್ತೆ ಅಂಕಲ್" ಅಂದಳು. ಅಂದಿನ ಜಗಳ ಅಲ್ಲಿಗೇ ನಿಂತಿತು.

ಈ ತಂಡದ ಸ್ವಾರಸ್ಯವೆಂದರೆ ಅದು ಹುಟ್ಟಿದ್ದೇ ಬೇರೆಯವರ ಹಾಡಿನಿಂದ. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಹಳೆಯ ಶಾಲಾ ಸಹಪಾಠಿಗಳಾದ ಮಿಕ್ ಮತ್ತು ಕೀತ್ ಅಕಸ್ಮಾತ್ ಭೇಟಿಯಾದರು. ಮಿಕ್‌ನ ಕಂಕುಳಲ್ಲಿ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ಎಂಬ ಕಪ್ಪು ಅಮೆರಿಕನ್ ಗಾಯಕರ ಎರಡು ರೆಕಾರ್ಡುಗಳಿದ್ದವು. ಮಾತು ಬೆಳೆಯಿತು, ತಂಡವಾಯಿತು. ತಂಡದ ಹೆಸರು ಕೂಡ ಮಡ್ಡಿ ವಾಟರ್ಸ್‌ನ 1950ರ ಹಾಡಿನಿಂದ ಪಡೆದದ್ದು. 1964ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ 12 ಹಾಡುಗಳಲ್ಲಿ 9 ಬೇರೆಯವರವು. ಅದೇ ವರ್ಷದ ಕೊನೆಗೆ ಹೌಲಿನ್ ವುಲ್ಫ್ ಹಾಡಿದ್ದ, ವಿಲ್ಲಿ ಡಿಕ್ಸನ್ ರಚನೆಯ 'ಲಿಟಲ್ ರೆಡ್ ರೂಸ್ಟರ್' ಹಾಡನ್ನು ಅವರು ಇಂಗ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿಸಿದರು. ಮಿಸಿಸಿಪ್ಪಿಯ ಹತ್ತಿ ಹೊಲಗಳ ದಾರಿಯಲ್ಲಿ ಬೆಳೆದ ಬ್ಲೂಸ್ ಲಂಡನ್ ಹುಡುಗರ ಬಾಯಲ್ಲಿ ಅಮೆರಿಕಕ್ಕೇ ಮರಳಿ ಹೋಯಿತು.

ಟೆಲಿವಿಷನ್ನಿಗೆ ಸಂಬಂಧಪಟ್ಟ ಒಂದು ಪ್ರಸಂಗ ಇಲ್ಲಿ ಹೇಳಲೇಬೇಕು. 1965ರ ಮೇ ತಿಂಗಳಲ್ಲಿ ಅಮೆರಿಕದ ಎಬಿಸಿ ವಾಹಿನಿಯ 'ಶಿಂಡಿಗ್' ಕಾರ್ಯಕ್ರಮಕ್ಕೆ ಸ್ಟೋನ್ಸ್ ತಂಡಕ್ಕೆ ಕರೆ ಬಂತು. ಹೌಲಿನ್ ವುಲ್ಫ್‌ನನ್ನೂ ಕರೆಸಬೇಕೆಂದು ಅವರು ಹಟ ಹಿಡಿದರು. ಐವತ್ತೈದರ ಆಸುಪಾಸಿನ ಆ ಭಾರೀ ಆಳು ಬಂದು ಕಟ್ಟಡವೇ ನಡುಗುವಂತೆ ಹಾಡಿದ. ಹುಡುಗಿಯರ ಕಿರುಚಾಟಕ್ಕೆ ಒಗ್ಗಿಹೋಗಿದ್ದ ಈ ತಾರೆಯರು ಅವನ ಸುತ್ತ ಶಿಷ್ಯರಂತೆ ಕುಳಿತು ಕೇಳಿದರು. ಆ ಚಿತ್ರ ಇಂದಿಗೂ ನೋಡಲು ಸಿಗುತ್ತದೆ, ನೋಡಿ.

ಇಷ್ಟು ಹೇಳಿ ಕೈಮುಗಿದು ಏಳಬಹುದಿತ್ತು. ಆದರೆ ನಮ್ಮ ಗುಂಪಿನಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ರೆಕಾರ್ಡಿನ ಹಾಡು ಕೇಳುವ ಮೊದಲು ಅದರ ನಡುವಿನ ಚೀಟಿಯ ಸಣ್ಣಕ್ಷರ ಓದುವವರು. ಒಂದು ಸಂಜೆ ಅವರು 1968ರ 'ಬೆಗ್ಗರ್ಸ್ ಬ್ಯಾಂಕ್ವೆಟ್' ಆಲ್ಬಮ್ಮಿನ ಹಳೆಯ ಮುದ್ರಣವನ್ನು ನಮ್ಮ ಮುಂದಿಟ್ಟರು. ಅದರಲ್ಲಿನ 'ಪ್ರಾಡಿಗಲ್ ಸನ್' ಹಾಡಿನ ಮುಂದೆ ಜಾಗರ್, ರಿಚರ್ಡ್ಸ್ ಎಂದಿತ್ತು. ಹಾಡು ನಿಜವಾಗಿ ರಾಬರ್ಟ್ ವಿಲ್ಕಿನ್ಸ್‌ನದು. 1929ರಲ್ಲಿ ಅವನು ಬೇರೆ ಮಾತುಗಳೊಡನೆ ಅದನ್ನು ಮುದ್ರಿಸಿದ್ದ. ಮುಂದೆ ಕ್ರೈಸ್ತ ಪಾದ್ರಿಯಾದಾಗ ಲೌಕಿಕದ ಮಾತುಗಳನ್ನು ತೆಗೆದು, ಮನೆಬಿಟ್ಟು ಹೋಗಿ ಮರಳಿದ ಮಗನ ಬೈಬಲ್ ಕಥೆಯನ್ನು ಅದಕ್ಕೆ ಅಳವಡಿಸಿದ್ದ. ಹೆಸರು ಬಿಟ್ಟುಹೋದದ್ದಕ್ಕೆ ಹೊದಿಕೆಯ ವಿನ್ಯಾಸ ಬದಲಾದದ್ದು ಕಾರಣವೆಂದರು, ಮುಂದಿನ ಮುದ್ರಣಗಳಲ್ಲಿ ಸರಿಪಡಿಸಿದರು. 1969ರ 'ಲವ್ ಇನ್ ವೇನ್' ಹಾಡಿನ ಕಥೆಯೂ ಹೀಗೆಯೇ. 1938ರಲ್ಲಿ 27ನೆಯ ವಯಸ್ಸಿಗೆ ತೀರಿಕೊಂಡ ರಾಬರ್ಟ್ ಜಾನ್ಸನ್‌ನ ಹಾಡು ಅದು. ಆಲ್ಬಮ್ಮಿನ ಮೇಲೆ ಬಂದದ್ದು ಬೇರೊಂದು ಹೆಸರು. ಅದು ಯಾರ ಸ್ವತ್ತೂ ಅಲ್ಲ ಎಂಬ ವಾದವನ್ನು ಅಮೆರಿಕದ ನ್ಯಾಯಾಲಯ ತಳ್ಳಿಹಾಕಿ ಜಾನ್ಸನ್ ವಾರಸುದಾರರ ಪರ ನಿಂತದ್ದು 2000ದಲ್ಲಿ.

"ಕಾಲಬುಡದಲ್ಲಿ ಕೂತು ಕೇಳಿದರಂತೆ! ಕೂತವರು ಹೆಸರು ಬರೆಯಬಾರದಿತ್ತೆ?" ಎಂದು ಗುಮಾಸ್ತರು ಕೇಳಿದಾಗ ನಾವು ಯಾರೂ ಬಾಯಿ ತೆಗೆಯಲಿಲ್ಲ. ನಮ್ಮ ಯೌವನದ ಹಾಡುಗಳವು. ಅವುಗಳ ಹಿಂದೆ ಬಡವನೊಬ್ಬನ ಬಾಕಿ ಇದೆಯೆಂದು ತಿಳಿದ ಮೇಲೆ ಅವು ಕಿವಿಗೆ ಮೊದಲಿನಂತೆ ಬೀಳುವುದಿಲ್ಲ. ಹಾಗೆಂದು ಕೇಳುವುದನ್ನು ಬಿಟ್ಟೆವೆ? ಇಲ್ಲ. ಕೇಳುವ ಕ್ರಮ ಬದಲಾಯಿತು, ಅಷ್ಟೆ. ಈಗ ಮೊದಲು ವಿಲ್ಕಿನ್ಸ್, ಆಮೇಲೆ ಸ್ಟೋನ್ಸ್.

ಲೆಕ್ಕ ತಿರುಗಿದ್ದೂ ಉಂಟು. 1965ರ 'ದ ಲಾಸ್ಟ್ ಟೈಮ್' ಹಾಡಿನ ಪಲ್ಲವಿಗೆ ಸ್ಟೇಪಲ್ ಸಿಂಗರ್ಸ್ ಎಂಬ ಕುಟುಂಬದ ಭಕ್ತಿಗೀತೆ ಆಧಾರ. ಸ್ಟೋನ್ಸ್ ಮ್ಯಾನೇಜರ್ ಆಂಡ್ರೂ ಓಲ್ಡಮ್ ಅದನ್ನು ಪಿಟೀಲು ವೃಂದಕ್ಕೆ ಹೊಂದಿಸಿ ಮುದ್ರಿಸಿದ. ಆ ಪಿಟೀಲಿನ ತುಣುಕನ್ನು 1997ರಲ್ಲಿ ವರ್ವ್ ತಂಡ 'ಬಿಟರ್ ಸ್ವೀಟ್ ಸಿಂಫನಿ'ಯಲ್ಲಿ ಬಳಸಿತು. ಹಾಡು ಮನೆಮಾತಾಯಿತು, ಆದರೆ ವ್ಯಾಜ್ಯದ ಫಲವಾಗಿ ಮಾತು ಬರೆದ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಹಾಡಿನ ಹಕ್ಕು ಸಿಗಲಿಲ್ಲ. 22 ವರ್ಷಗಳ ಬಳಿಕ, 2019ರಲ್ಲಿ, ಜಾಗರ್ ಮತ್ತು ರಿಚರ್ಡ್ಸ್ ತಾವಾಗಿಯೇ ಅದನ್ನು ಅವನಿಗೆ ಬಿಟ್ಟುಕೊಟ್ಟರು. ಪುಣ್ಯಾತ್ಮರು ಎಂದೆ ನಾನು. "ಬಿಟ್ಟುಕೊಟ್ಟದ್ದು ಸರಿ, ಸ್ಟೇಪಲ್ ಸಿಂಗರ್ಸ್?" ಎಂದರು ಗುಮಾಸ್ತರು.

ನನ್ನ ಸ್ವಂತ ಆಯ್ಕೆ ಕೇಳುವಿರಾದರೆ 'ಗಿಮ್ಮಿ ಶೆಲ್ಟರ್'. 1969ರಲ್ಲಿ ಒಂದು ರಾತ್ರಿ ಮಲಗಲು ಹೊರಟಿದ್ದ ಗರ್ಭಿಣಿ ಗಾಯಕಿ ಮೆರಿ ಕ್ಲೇಟನ್‌ಳನ್ನು ಸ್ಟುಡಿಯೋಗೆ ಕರೆಸಿ ಜಾಗರನ ಜೊತೆ ಹಾಡಿಸಿದರು. ತಾರದಲ್ಲಿ ಅವಳ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಹಾಗೆಯೇ ಉಳಿಸಿಕೊಂಡರು. ಆ ಹಾಡನ್ನು ನೆನೆದಾಗ ಮೊದಲು ಕಿವಿಗೆ ಬರುವುದು ಆ ಒಡಕು. 1970ರಲ್ಲಿ ಅವಳು ಅದೇ ಹಾಡನ್ನು ತಾನೇ ಮುಖ್ಯ ಗಾಯಕಿಯಾಗಿ ಹಾಡಿ, ತನ್ನ ಆಲ್ಬಮ್ಮಿಗೂ ಅದೇ ಹೆಸರಿಟ್ಟಳು. ಇದನ್ನು ಕವರ್ ಎನ್ನಲು ನನಗೆ ನಾಲಗೆ ಬಾರದು.

2021ರ ಆಗಸ್ಟ್‌ನಲ್ಲಿ ಡ್ರಮ್ ವಾದಕ ಚಾರ್ಲಿ ವಾಟ್ಸ್ ತೀರಿಕೊಂಡಾಗ ಇನ್ನು ಮುಗಿಯಿತೆಂದುಕೊಂಡೆವು. 2023ರಲ್ಲಿ 'ಹ್ಯಾಕ್ನಿ ಡೈಮಂಡ್ಸ್' ಬಂತು. ಅದರ ಕೊನೆಯ ಹಾಡಿನಲ್ಲಿ ಡ್ರಮ್ ಇಲ್ಲ, ಅಬ್ಬರವಿಲ್ಲ. ಎಂಬತ್ತರ ಹೊಸ್ತಿಲಿನ ಕೀತ್‌ನ ಗಿಟಾರು, ಮಿಕ್‌ನ ಧ್ವನಿ ಮತ್ತು ಮೌತ್ ಆರ್ಗನ್, ಇಷ್ಟೇ. ಹಾಡು ಮಡ್ಡಿ ವಾಟರ್ಸ್‌ನದು, ತಂಡಕ್ಕೆ ಹೆಸರು ಕೊಟ್ಟ ಅದೇ ಹಾಡು. ಗುಮಾಸ್ತರು ಕನ್ನಡಕ ಏರಿಸಿ ಸಣ್ಣಕ್ಷರ ಓದಿದರು. ಆಮೇಲೆ, "ಹಾಕಿ, ಇನ್ನೊಂದು ಸಲ ಕೇಳೋಣ" ಎಂದರು.