ತುಫಾನಿನ ದಿನಗಳಲ್ಲಿ ಕ್ಷೇಮಸಮಾಚಾರ

(ಗಿಂಡಿಯಲ್ಲಿ ಜರುಗಿದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ನಾಡುನುಡಿಯ ಹಿರಿಮೆಯನ್ನು ಕುರಿತು ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆದಕಾರಣ ನಮ್ಮೆಲ್ಲರ ಮನೆಗಳಿಗೂ ಸಂಬಂಧಿಸಿದ ಒಂದು ಸಣ್ಣ ವಿಷಯವನ್ನು ತಮ್ಮ ಮುಂದಿಡುತ್ತೇನೆ. ನಾವು ರಾಜ್ಯೋತ್ಸವವನ್ನು ಆಚರಿಸುವ ನವೆಂಬರ್ ಈ ಊರಿಗೆ ತುಫಾನಿನ ತಿಂಗಳೂ ಹೌದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ಆಗ ಬಂಗಾಳಕೊಲ್ಲಿಯಲ್ಲಿ ಗಾಳಿಯೆದ್ದರೆ ಊರಿನಲ್ಲಿರುವ ನಮ್ಮ ತಾಯಿತಂದೆಗಳಿಗೆ ನಿದ್ದೆಯಿಲ್ಲ.

ನಮ್ಮ ಊರು ಘಟಪ್ರಭೆಯ ಸೀಮೆಯ ಗೋಕಾಕ. 2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ತುಫಾನು ಚೆನ್ನೈಯ ಮೇಲೆ ಮಳೆ ಸುರಿಸಿ, 5ರಂದು ಆಂಧ್ರದ ಬಾಪಟ್ಲದ ಹತ್ತಿರ ಕರೆಯನ್ನು ದಾಟಿತು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಕರೆಂಟು ಹೋಯಿತು, ಹಿಂದೆಯೇ ಮೊಬೈಲೂ ಹೋಯಿತು. ಮೇಲುಮಹಡಿಯಲ್ಲಿದ್ದ ನಮಗೆ ಅಪಾಯವೇನೂ ಇರಲಿಲ್ಲ. ಮನೆಯ ಒಡತಿಯಾದ ತಮಿಳು ತಾಯಿ ಬಿಸಿ ಅನ್ನ, ರಸಂ ಕಳಿಸಿದರು. ಮೇಣದಬತ್ತಿಯ ಬೆಳಕಿನಲ್ಲಿ ಹೊಟ್ಟೆತುಂಬ ಉಂಡೆವು.

ಗೋಕಾಕದಲ್ಲಿ ನಮ್ಮವ್ವ ಮಾತ್ರ ಎರಡು ದಿನ ಊಟಕ್ಕೆ ಕೂಡಲಿಲ್ಲ. ವೇಳಚೇರಿಯ ರಸ್ತೆಗಳಲ್ಲಿ ದೋಣಿ ಸಾಗುವುದನ್ನು ಟೀವಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು. ಚೆನ್ನೈಯನ್ನು ಕಾಣದ ಅವ್ವನಿಗೆ ವೇಳಚೇರಿ, ಗಿಂಡಿ ಎಲ್ಲ ಒಂದೇ ಓಣಿ. ಮೂರನೆಯ ದಿನ ಫೋನು ಹತ್ತಿದಾಗ ಆಕೆ ಕೇಳಿದ್ದು, "ತಮ್ಮಾ, ಉಂಡೀಯೇನೊ?" ಎಂಬ ಒಂದೇ ಮಾತು. ಸಕ್ಕರೆ ಕಾಯಿಲೆಯ ಆಕೆ ತಾನು ಉಂಡಿಲ್ಲವೆಂಬುದನ್ನು ಹೇಳಲಿಲ್ಲ. ಅಂದು ಸಂಜೆ ತಲೆತಿರುಗಿ ಬಿದ್ದ ಆಕೆಯನ್ನು ನೆರೆಮನೆಯ ಕಾಕಾ ದವಾಖಾನೆಗೆ ಒಯ್ದರು. ತುಫಾನು ಬಂದುದು ಚೆನ್ನೈಗೆ, ಹಾಸಿಗೆ ಹಿಡಿದವರು ಗೋಕಾಕದಲ್ಲಿ!

ಇದು ಹೆಂಗಸರ ಮನಸ್ಸಿನ ದೌರ್ಬಲ್ಯವೆಂದು ಯಾರೂ ನಗಬಾರದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದಾಗ ನಾನು ಇಲ್ಲಿದ್ದೆ. ಆ ವರ್ಷ ಚೆನ್ನೈಯಲ್ಲಿ ನೀರಿಗೆ ಬರ. ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸುತ್ತಿದ್ದರು. ಇಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತ ನನಗೆ ಅಲ್ಲಿ ಊರೇ ನೀರಿನಲ್ಲಿದೆಯೆಂಬ ಸುದ್ದಿ. ಒಂದು ದಿನ, ಒಂದು ರಾತ್ರಿ ಮನೆಯ ಫೋನು ಹತ್ತಲಿಲ್ಲ. ಅವ್ವ, ಅಪ್ಪ ಎತ್ತರದಲ್ಲಿದ್ದ ಬೀಗರ ಮನೆಯಲ್ಲಿ ಸುಖವಾಗಿದ್ದರೆಂಬುದು ಮರುದಿನ ತಿಳಿಯಿತು. ಅಲ್ಲಿಯವರೆಗೆ ನಾನು ಪಟ್ಟ ಪಾಡನ್ನು ಈ ಸಭೆಯಲ್ಲಿ ಪಡದವರು ಎಷ್ಟು ಮಂದಿ?

ದೂರದ ಬೆಟ್ಟ ನುಣ್ಣಗೆ ಎನ್ನುವರು. ದೂರದ ತುಫಾನಾದರೋ ಹತ್ತಿರದ್ದಕ್ಕಿಂತ ಭಯಂಕರ. ಇದ್ದಲ್ಲಿ ಇರುವವನು ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿತೆಂದು ಎಣಿಸುತ್ತಾನೆ, ಕೊಡ ಎತ್ತಿಡುತ್ತಾನೆ, ನೆರೆಯವರನ್ನು ಕೂಗುತ್ತಾನೆ. ದೂರದವನಿಗೆ ಎಣಿಸಲು ಮೆಟ್ಟಿಲಿಲ್ಲ, ಕೈಗೆ ಕೆಲಸವಿಲ್ಲ. ಆತನನ್ನು ಕೊಲ್ಲುವುದು ನೀರಲ್ಲ, ಸುದ್ದಿಯಿಲ್ಲದಿರುವುದು.

ಬಂದರುಗಳಲ್ಲಿ ತುಫಾನಿನ ಎಚ್ಚರಿಕೆಗೆ ಸಂಕೇತಗಳನ್ನು ಏರಿಸುವುದನ್ನು ತಾವು ಬಲ್ಲಿರಿ. ತಮಿಳಿನಲ್ಲಿ ಇದಕ್ಕೆ 'ಪುಯಲ್ ಕೂಂಡು' ಎನ್ನುತ್ತಾರೆ. ಈ ಸಂಕೇತಗಳು 1ರಿಂದ 11ರವರೆಗೆ. 8, 9, 10 ಮಹಾ ಅಪಾಯದವು. ಹಾಗಾದರೆ 11 ಏನು? ಹವಾಮಾನ ಕೇಂದ್ರದೊಡನೆ ಸಂಪರ್ಕ ಕಡಿದುಹೋಗಿದೆ ಎಂಬುದೇ ಅದರ ಅರ್ಥ. ಮಹಾ ಅಪಾಯದ ಮುಂದೆಯೂ ಒಂದು ಅಂಕೆಯಿದೆ. ಅದು ಮೌನದ ಅಂಕೆ. ನಮ್ಮ ಅವ್ವಂದಿರ ಎದೆಯಲ್ಲಿ ಏರುವುದು ಆ ಹನ್ನೊಂದನೆಯ ಕೂಂಡು.

ಮೌನ ಕವಿಯುವುದಕ್ಕೆ ಬಹಳ ಹೊತ್ತು ಬೇಕಿಲ್ಲ. 2015ರ ಡಿಸೆಂಬರ್ 1ರ ಮಳೆ ತಾಂಬರಂನಲ್ಲಿ ಒಂದೇ ದಿನದಲ್ಲಿ 49 ಸೆಂಟಿಮೀಟರ್ ಸುರಿಯಿತು. ಅಡೆಯಾರು ಉಕ್ಕಿ ವಿಮಾನನಿಲ್ದಾಣ ಮುಚ್ಚಿತು. 1878ರಲ್ಲಿ ಆರಂಭವಾದ 'ದಿ ಹಿಂದೂ' ಪತ್ರಿಕೆ ಮರುದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಕೆಲಸಗಾರರು ಮುದ್ರಣಾಲಯವನ್ನು ತಲುಪಲಾರದೆ ಹೋದರು. ಪತ್ರಿಕೆಗೇ ಹೀಗಾದ ಮೇಲೆ ನಮ್ಮ ಕೈಯ ಫೋನಿನ ಪಾಡೇನು?

ಆದರೆ ಇಂದಿನ ಕಾಲದಲ್ಲಿ ಒಂದು ಅನುಕೂಲವಿದೆ. ತುಫಾನು ಹೇಳದೆ ಬರುವುದಿಲ್ಲ. ಹೆಸರು ಹೊತ್ತು, ದಿನಗಳ ಮುಂಚೆ ತಿಳಿಸಿ ಬರುತ್ತದೆ. ಆ ಬಿಡುವಿನಲ್ಲಿ ನಾವು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಗಾಳಿ ಬರುವ ಮುನ್ನವೇ ಊರಿಗೆ ಫೋನು ಮಾಡಿ, "ನಾವು ಮೇಲುಮಹಡಿಯಲ್ಲಿದ್ದೇವೆ, ಅಕ್ಕಿಬೇಳೆಯಿದೆ, ಎರಡು ದಿನ ಫೋನು ಹತ್ತದಿದ್ದರೆ ಹೆದರಬೇಡಿರಿ" ಎಂದು ಹೇಳಿರಬೇಕು. ಮುಂದಾಗಿ ತಿಳಿದ ಮೌನ ಅಷ್ಟು ಹೆದರಿಸದು.

ಎರಡನೆಯದು, ಊರಿನಲ್ಲಿ ಒಬ್ಬರನ್ನೇ ಗೊತ್ತುಮಾಡಿರಬೇಕು. ಹತ್ತು ಮಂದಿ ನೆಂಟರು ಹತ್ತು ಸಲ ಕರೆದರೆ ಇಲ್ಲಿಯ ಬ್ಯಾಟರಿ ಮುಗಿಯುತ್ತದೆ. ಆ ಒಬ್ಬರಿಗೆ 'ಕ್ಷೇಮ' ಎಂದು ಎರಡಕ್ಷರದ ಎಸ್ಸೆಮ್ಮೆಸ್ ಸಾಕು. ಮಾತು ಹೋಗದ ಕಡೆ ಅದು ನುಸುಳಿ ಹೋಗುವುದುಂಟು. ಉಳಿದವರಿಗೆ ಅವರು ತಿಳಿಸಲಿ.

ಮೂರನೆಯದು ಸಂಘದ ಕೆಲಸ. ಸದಸ್ಯರ ಪಟ್ಟಿಯಲ್ಲಿ ಚಂದಾ ಹಣದ ಪಕ್ಕದಲ್ಲಿ ಊರಿನ ಮನೆಯ ಫೋನು ನಂಬರೂ ಇರಲಿ. ಬೀದಿ ಬೀದಿಗೆ ಒಬ್ಬ ತರುಣ ಹತ್ತು ಮನೆಗಳ ಬಾಗಿಲು ತಟ್ಟಿ ನೋಡಲಿ. ಫೋನು ಹತ್ತುವ ಜಾಗ ಸಿಕ್ಕೊಡನೆ ಹತ್ತು ಊರುಗಳಿಗೆ ಸುದ್ದಿ ಮುಟ್ಟಿಸಲಿ. ಊರಿನ ಕಡೆ ಹೊಳೆ ಬಂದಾಗಲೂ ಇದೇ ಪಟ್ಟಿ ಉಪಯೋಗಕ್ಕೆ ಬರುವುದು. ಬ್ಯಾಂಕಿನಲ್ಲಿ ಕಳಿಸಿದ ಹಣ ಆ ಶಾಖೆಗೆ ಮುಟ್ಟಿತೆಂದು ತಾಳೆಯಾಗುವವರೆಗೆ ಲೆಕ್ಕ ಮುಗಿಯದು. ನಮ್ಮ ಕ್ಷೇಮದ ಲೆಕ್ಕವೂ ಹಾಗೆಯೇ. ನಾವು ಬದುಕಿದರೆ ಸಾಲದು, ಬದುಕಿದ್ದೇವೆಂದು ಅಲ್ಲಿಗೆ ಮುಟ್ಟಬೇಕು.

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲು 'ಉಭಯ ಕುಶಲೋಪರಿ ಸಾಂಪ್ರತ' ಎಂದು ಬರೆಯುತ್ತಿದ್ದರು. ಅದನ್ನು ಬರಿಯ ಶಿಷ್ಟಾಚಾರವೆಂದು ನಾವು ಕೈಬಿಟ್ಟೆವು. ಎರಡು ಕಡೆಯ ಕುಶಲ ತಿಳಿದ ಮೇಲೆಯೇ ಉಳಿದ ಮಾತೆಂಬ ವಿವೇಕ ಅದರಲ್ಲಿತ್ತು. ಈ ಮಳೆಗಾಲದಲ್ಲಿ ಆ ಪದ್ಧತಿಯನ್ನು ಮರಳಿ ಹಿಡಿಯೋಣ. ಪಟ್ಟಿಯ ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇನೆ. ತಾವೆಲ್ಲರೂ ಊಟಕ್ಕೇಳುವ ಮುನ್ನ ಊರಿನ ನಂಬರನ್ನು ಬರೆದು ಹೋಗಬೇಕೆಂದು ಪ್ರಾರ್ಥಿಸುತ್ತೇನೆ.